ಮುದ್ದೆ ಬಿಡಬೇಡಿ, ತೂಗಿ ಉಣ್ಣಿ

ಸಕ್ಕರೆ ಕಾಯಿಲೆ ಇದೆ ಅಂತ ಡಾಕ್ಟರು ಹೇಳಿದ ಮಾರನೇ ದಿನ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮನೆಗಳಲ್ಲಿ ಹೆಚ್ಚುಕಡಿಮೆ ಒಂದೇ ನಡೆಯುತ್ತದೆ. ಅನ್ನದ ತಪ್ಪಲೆ ಒಳಗೆ ಹೋಗುತ್ತದೆ, ಒಂದಿದ್ದ ಮುದ್ದೆ ಎರಡಾಗುತ್ತದೆ. "ಇನ್ನೊಂಚೂರು ಹಾಕ್ಕೊಳಣ್ಣ, ರಾಗಿ ತಾನೆ, ಏನೂ ಆಗಲ್ಲ" ಅಂತ ಬಡಿಸುವವರ ಉಪಚಾರ ಬೇರೆ. ಮೂರು ತಿಂಗಳು ಬಿಟ್ಟು ರಕ್ತ ಪರೀಕ್ಷೆ ಮಾಡಿಸಿದರೆ ಅಂಕಿ ಇದ್ದಲ್ಲೇ ಇರುತ್ತದೆ, ಇಲ್ಲವೇ ಮೇಲೆ ಹೋಗಿರುತ್ತದೆ. ಆಗ ಬೈಗುಳ ತಿನ್ನುವುದು ಮಾತ್ರೆ.

ರಾಗಿ ಒಳ್ಳೆಯ ಧಾನ್ಯ, ಅದರಲ್ಲಿ ಎರಡು ಮಾತಿಲ್ಲ. ನೂರು ಗ್ರಾಂನಲ್ಲಿ 340 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಗಿಂತ ಎಷ್ಟೋ ಪಾಲು ನಾರು ಇದೆ. ಆದರೆ ಸಕ್ಕರೆ ಏರಿಸುವ ಪಿಷ್ಟದ (ಕಾರ್ಬೋಹೈಡ್ರೇಟ್) ಲೆಕ್ಕಕ್ಕೆ ಬಂದರೆ ನೂರು ಗ್ರಾಂ ಅಕ್ಕಿಯಲ್ಲಿ 78 ಗ್ರಾಂ ಇದ್ದರೆ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ. ವ್ಯತ್ಯಾಸ ಇಷ್ಟೇ. ಅದೂ ಗಿರಣಿಯಲ್ಲಿ ನುಣ್ಣಗೆ ಬೀಸಿ, ಜರಡಿ ಹಿಡಿದು, ಎಸರಲ್ಲಿ ಚೆನ್ನಾಗಿ ಬೇಯಿಸಿದ ಮುದ್ದೆ ಬೇಗ ಕರಗುತ್ತದೆ, ಬೇಗ ರಕ್ತಕ್ಕೆ ಸೇರುತ್ತದೆ. ಹಾಗಂತ ಮುದ್ದೆ ಬಿಟ್ಟು ಇಡೀ ಜೀವನ ಚಪಾತಿ ತಿನ್ನಿ ಅನ್ನುವವರ ಮಾತೂ ನನಗೆ ಒಪ್ಪಿಗೆಯಿಲ್ಲ. ಗೋಧಿ ಹಿಟ್ಟಿನಲ್ಲೂ ಪಿಷ್ಟ ಅಷ್ಟೇ ಇದೆ. ಮಾಡಬೇಕಾದ್ದು ತಟ್ಟೆಯನ್ನು ತಿರುಗಿಸುವ ಕೆಲಸ: ಇಷ್ಟು ದಿನ ಮುದ್ದೆ ಊಟ, ಪಲ್ಯ ನೆಂಚಿಕೆ, ಇನ್ನು ಮೇಲೆ ಸೊಪ್ಪು-ಕಾಳು ಊಟ, ಮುದ್ದೆ ನೆಂಚಿಕೆ. ಇದಕ್ಕೆ ಹೊರಗಿನಿಂದ ಏನೂ ತರಬೇಕಿಲ್ಲ, ಸೊಪ್ಪು-ಕಾಳು ಬೇಯಿಸಿ, ಬಸಿದ ನೀರಿಗೆ ಸಾರು, ಉಳಿದದ್ದಕ್ಕೆ ಪಲ್ಯ ಮಾಡುವ ಬಸ್ಸಾರು ಒಂದು ಸರಿಯಾಗಿ ಮಾಡಲು ಬಂದರೆ ಮುಕ್ಕಾಲು ಕೆಲಸ ಮುಗಿಯಿತು.

ಒಲೆ ಹಚ್ಚುವ ಮುಂಚೆ

ಮೊದಲು ಮಾತ್ರೆ ಚೀಟಿ ಹಿಡಿದುಕೊಂಡು ನಿಮ್ಮ ಡಾಕ್ಟರ ಹತ್ತಿರ ಹೋಗಿ, ಊಟದಲ್ಲಿ ಪಿಷ್ಟ ಕಡಿಮೆ ಮಾಡುತ್ತಿದ್ದೇನೆ ಅಂತ ಹೇಳಿ. ಇದನ್ನು ದಾಟಿಸಿ ಮುಂದಕ್ಕೆ ಓದಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್ ಅಥವಾ ಗ್ಲಿಕ್ಲಜೈಡ್ ಮಾತ್ರೆ ನುಂಗುವವರು ಡೋಸು ಅಷ್ಟೇ ಇಟ್ಟುಕೊಂಡು ಊಟ ಅರ್ಧ ಮಾಡಿದರೆ ಸಕ್ಕರೆ 70ಕ್ಕಿಂತ ಕೆಳಗೆ ಬೀಳಬಹುದು. ಕೈ ನಡುಕ, ಬೆವರು, ಎದೆ ಹೊಡೆದುಕೊಳ್ಳುವುದು, ಕಣ್ಣು ಮಂಜಾಗುವುದು ಇದರ ಗುರುತು. ಆಗ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ ನೇರ ಆಸ್ಪತ್ರೆಗೆ. ಬರೀ ಮೆಟ್‌ಫಾರ್ಮಿನ್ ಇದ್ದವರಿಗೆ ಈ ಭಯ ಬಹಳ ಕಡಿಮೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಹೆಸರಿನ ಮಾತ್ರೆ ಇದ್ದರೆ ಮುದ್ದೆ-ಅನ್ನ ಪೂರ್ತಿ ನಿಲ್ಲಿಸುವ ಸಾಹಸ ಬೇಡವೇ ಬೇಡ; ಮೀಟರಿನಲ್ಲಿ ಸಕ್ಕರೆ ಸರಿಯಾಗಿ ಕಂಡರೂ ರಕ್ತ ಹುಳಿಯಾಗಿ ವಾಂತಿ, ಹೊಟ್ಟೆ ನೋವು, ಏದುಸಿರು ಬರಬಹುದು. ಗರ್ಭಿಣಿಯರು, ಚಿಕ್ಕ ವಯಸ್ಸಿನಿಂದ ಇನ್ಸುಲಿನ್ ಮೇಲೆ ಇರುವವರು, ಕಿಡ್ನಿ ತೊಂದರೆ ಇರುವವರು ಈ ಲೇಖನ ನೋಡಿ ಅಡುಗೆ ಬದಲಿಸಬೇಡಿ. ಕಿಡ್ನಿಯವರಿಗೆ ಸೊಪ್ಪು-ಕಾಳಿನ ಲೆಕ್ಕವೇ ಬೇರೆ.

ಎರಡನೆಯದು ಸಾಮಾನು. ಅಡುಗೆ ಮನೆಯ ಡಿಜಿಟಲ್ ತಕ್ಕಡಿ ಒಂದು, ಸಕ್ಕರೆ ನೋಡುವ ಮೀಟರು ಒಂದು, ಮಗನ ಹಳೆಯ ನೋಟ್‌ಬುಕ್ಕು ಒಂದು. ತಕ್ಕಡಿ ಇಲ್ಲದೆ ಕಣ್ಣಳತೆಯಲ್ಲಿ ಮಾಡುತ್ತೇನೆ ಅನ್ನುವವರ ಮುದ್ದೆ ವಾರ ಕಳೆಯುವಷ್ಟರಲ್ಲಿ ಹಳೇ ಸೈಜಿಗೇ ಬಂದಿರುತ್ತದೆ, ಬೇಕಾದಷ್ಟು ನೋಡಿದ್ದೇನೆ.

ಲೆಕ್ಕ

ದಿನಕ್ಕೆ 130 ಗ್ರಾಂ ಒಳಗೆ ಪಿಷ್ಟ ಇದ್ದರೆ ಅದನ್ನು ಸಾಮಾನ್ಯವಾಗಿ ಕಡಿಮೆ ಪಿಷ್ಟದ ಊಟ ಅನ್ನುತ್ತಾರೆ. ಈಗ ನಿಮ್ಮ ಮನೆಯ ಮುದ್ದೆಯನ್ನು ತಕ್ಕಡಿ ಮೇಲೆ ಇಡಿ. ಬೆಂದ ಮುದ್ದೆಯಲ್ಲಿ ಸುಮಾರು ಕಾಲು ಪಾಲು ಹಿಟ್ಟು, ಉಳಿದದ್ದು ನೀರು. 400 ಗ್ರಾಂ ತೂಗುವ ಮುದ್ದೆ ಅಂದರೆ ನೂರು ಗ್ರಾಂ ಹಿಟ್ಟು, 70 ಗ್ರಾಂ ಪಿಷ್ಟ. ಅಂಥವು ಎರಡು ನುಂಗಿದರೆ ಒಂದೇ ಹೊತ್ತಿನ ಊಟದಲ್ಲಿ ಇಡೀ ದಿನದ ಪಾಲು ಮುಗಿದು ಸಾಲವೂ ಆಯಿತು. ಅದರ ಮೇಲೆ "ಕೊನೇಗೆ ಒಂದು ತುತ್ತು ಮಜ್ಜಿಗೆ ಅನ್ನ" ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ನಾನು ಹೇಳುವ ಅಳತೆ: ಒಬ್ಬರಿಗೆ ಒಂದು ಹೊತ್ತಿಗೆ 160 ಗ್ರಾಂ ತೂಕದ ಒಂದು ಮುದ್ದೆ, ಅಂದರೆ 40 ಗ್ರಾಂ ಹಿಟ್ಟು. ಜೊತೆಗೆ 25 ಗ್ರಾಂ ಒಣ ಕಾಳು, 200 ಗ್ರಾಂ ಹಸಿ ಸೊಪ್ಪು. ಮುದ್ದೆಯಿಂದ 28, ಕಾಳಿನಿಂದ 14ರಷ್ಟು, ಸೊಪ್ಪು ಮಸಾಲೆಯಿಂದ ಒಂದಿಷ್ಟು. ಎಲ್ಲಾ ಸೇರಿ ಐವತ್ತರ ಒಳಗೆ. ಕಾಳಿನಲ್ಲಿ ಪಿಷ್ಟವೇ ಇಲ್ಲ ಅಂತ ತಿಳಿದವರು ಬಹಳ ಜನ. ಅವರೆ, ಹುರಳಿ, ಅಲಸಂದೆ ಯಾವುದೇ ಇರಲಿ, ನೂರು ಗ್ರಾಂ ಒಣ ಕಾಳಿನಲ್ಲಿ 50ರಿಂದ 60 ಗ್ರಾಂ ಪಿಷ್ಟ ಇದೆ. ಆದರೆ ಜೊತೆಗೆ 20 ಗ್ರಾಂಗೂ ಮೇಲೆ ಪ್ರೋಟೀನು, ಒಳ್ಳೆಯ ನಾರು ಇರುವುದರಿಂದ ನಿಧಾನಕ್ಕೆ ಕರಗುತ್ತದೆ, ಹೊಟ್ಟೆ ತಡೆಯುತ್ತದೆ. ಮೊಳಕೆ ಬರಿಸಿದರೆ ಪಿಷ್ಟ ಮಾಯವಾಗುತ್ತದೆ ಅನ್ನುವುದೂ ಸುಳ್ಳು. ರುಚಿಗೆ ಬರಿಸಿ, ಲೆಕ್ಕ ಮಾತ್ರ ಅದೇ ಇಟ್ಟುಕೊಳ್ಳಿ.

ಬಸ್ಸಾರು: ಇಲ್ಲೇ ಎಲ್ಲರೂ ಎಡವುವುದು

ಬಸ್ಸಾರು ನಮ್ಮೂರಲ್ಲಿ ಯಾರಿಗೆ ಬರುವುದಿಲ್ಲ ಅನ್ನಬೇಡಿ. ಮುದ್ದೆ ನುಂಗಲು ಬೇಕಾದ ತೆಳ್ಳನೆ ಸಾರು ಎಲ್ಲರಿಗೂ ಬರುತ್ತದೆ. ತಪ್ಪಲೆ ತುಂಬಾ ನೀರು, ಒಂದು ಕಟ್ಟು ಸೊಪ್ಪು, ನಾಲ್ಕು ಜನಕ್ಕೆ ಒಂದು ಹಿಡಿ ಕಾಳು, ತಟ್ಟೆಯ ಅಂಚಿನಲ್ಲಿ ಒಂದು ಚಮಚ ಪಲ್ಯ. ಅಂಥ ಸಾರಿಗೆ ಚಿಕ್ಕ ಮುದ್ದೆ ಇಟ್ಟರೆ ಗಂಟೆಯೊಳಗೆ ಹಸಿವಾಗುತ್ತದೆ. ಸಂಜೆ ಐದಕ್ಕೆ ಬೇಕರಿಯ ದಾರಿ ಹಿಡಿಯುತ್ತಾರೆ, ಆಮೇಲೆ "ಈ ಪಥ್ಯ ನಮಗೆ ಆಗಿಬರಲ್ಲ" ಅನ್ನುತ್ತಾರೆ.

ನಾಲ್ಕು ಜನಕ್ಕೆ ನೂರು ಗ್ರಾಂ ಕಾಳು, ಮುಕ್ಕಾಲರಿಂದ ಒಂದು ಕೆ.ಜಿ. ಸೊಪ್ಪು. ಹೌದು, ಒಂದು ಕೆ.ಜಿ. ಬೆಂದ ಮೇಲೆ ಅದು ಎಷ್ಟು ಇಳಿಯುತ್ತದೆ ಅಂತ ನಿಮಗೇ ಗೊತ್ತು. ಸೊಪ್ಪಿನಲ್ಲಿ ನನ್ನ ಮೊದಲ ಓಟು ಬೆರಕೆ ಸೊಪ್ಪಿಗೆ. ಮಳೆ ಬಿದ್ದ ಮೇಲೆ ಹೊಲದ ಬದುಗಳಿಂದ ಕಿತ್ತು ಬೆಳಗಿನ ಹೊತ್ತು ಹಳ್ಳಿ ಹೆಂಗಸರು ಮಂಕರಿಯಲ್ಲಿ ತರುವ ಅಣ್ಣೆ, ಹೊನಗೊನೆ, ಗಣಿಕೆ ಎಲ್ಲಾ ಕಲೆತ ಸೊಪ್ಪು ಅದು. ಸಿಗದಿದ್ದರೆ ದಂಟು, ಹರಿವೆ, ಸಬ್ಬಸಿಗೆ. ನುಗ್ಗೆ ಸೊಪ್ಪು ಒಂದೇ ಹಾಕಿದರೆ ಕಹಿ, ದಂಟಿನ ಜೊತೆ ಬೆರೆಸಿ. ಪಾಲಕ್ ಹಾಕಿದ್ದನ್ನು ನಾನು ಬಸ್ಸಾರು ಅಂತ ಒಪ್ಪುವುದಿಲ್ಲ, ಅದು ಲೋಳೆ.

ಕಾಳು ರಾತ್ರಿ ನೆನೆಹಾಕಿ. ಅಲಸಂದೆ, ಹೆಸರುಕಾಳಾದರೆ ನೆನೆಸದಿದ್ದರೂ ನಡೆಯುತ್ತದೆ, ಹುರಳಿ ಮಾತ್ರ ಸುಮ್ಮನೆ ಬೇಯುವುದಿಲ್ಲ. ಬೆಳಿಗ್ಗೆ ಕುಕ್ಕರಿನಲ್ಲಿ ಕಾಳು ಒಂದೇ ಹಾಕಿ ಎರಡು ಕೂಗು. ಬೆರಳಲ್ಲಿ ಒತ್ತಿದರೆ ಮುರಿಯಬೇಕು, ಹಿಟ್ಟಾಗಬಾರದು. ಸೊಪ್ಪನ್ನು ಕುಕ್ಕರಿಗೆ ಹಾಕುವುದು ಸೋಮಾರಿ ಕೆಲಸ. ಬಣ್ಣವೂ ಹೋಗುತ್ತದೆ, ಪಲ್ಯ ಮೆತ್ತನೆ ಗೊಜ್ಜಾಗುತ್ತದೆ, ಅಗಿಯಲು ಏನೂ ಉಳಿಯುವುದಿಲ್ಲ. ಅಗಿಯುವುದು ನಮಗೆ ಮುಖ್ಯ, ಯಾಕೆಂದರೆ ಮುದ್ದೆಯನ್ನಂತೂ ಅಗಿಯುವುದಿಲ್ಲ. ಆದ್ದರಿಂದ ಬೆಂದ ಕಾಳನ್ನು ಅದರ ನೀರಿನ ಸಮೇತ ಅಗಲ ಪಾತ್ರೆಗೆ ಸುರಿದು, ಕುದಿ ಬಂದ ಮೇಲೆ ಹೆಚ್ಚಿದ ಸೊಪ್ಪು ಹಾಕಿ, ಉಪ್ಪು ಹಾಕಿ, ಮುಚ್ಚಳ ತೆರೆದೇ ಏಳೆಂಟು ನಿಮಿಷ ಬೇಯಿಸಿ. ನೀರು ಸೊಪ್ಪು ಮುಳುಗುವಷ್ಟು ಸಾಕು. ನಾಲ್ಕು ಜನಕ್ಕೆ ಒಂದು ಲೀಟರಿಗಿಂತ ಹೆಚ್ಚು ಕಟ್ಟು (ಬೇಯಿಸಿದ ನೀರು) ಬಸಿದುಕೊಂಡರೆ ನೀವು ಮತ್ತೆ ಹಳೇ ತೆಳ್ಳನೆ ಸಾರಿನ ದಾರಿಗೆ ಬಿದ್ದಿರಿ ಅಂತ ಲೆಕ್ಕ.

ಬಸಿದ ಮೇಲೆ ಮಸಾಲೆ. ಒಂದು ಚಮಚ ಎಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ನಾಲ್ಕು ಕಾಳು ಮೆಣಸು, ಕೊತ್ತಂಬರಿ ಬೀಜ ಹುರಿದು, ಒಂದು ಹಿಡಿ ಕಾಯಿತುರಿ, ಸ್ವಲ್ಪ ಹುಣಸೆ ಸೇರಿಸಿ. ಬಸಿದಿಟ್ಟ ಸೊಪ್ಪು-ಕಾಳಿನಿಂದ ಎರಡು ಸೌಟು ತೆಗೆದು ಅದನ್ನೂ ಇದರ ಜೊತೆ ನುಣ್ಣಗೆ ರುಬ್ಬಿ. ಸಾರಿಗೆ ಮಂದ ಬರುವುದು ಇದರಿಂದಲೇ. ಕೆಲವರು ಒಂದೇ ಸೌಟು ಹಾಕಿ, ಮಂದ ಸಾಲಲಿಲ್ಲ ಅಂತ ಅಕ್ಕಿ ಹಿಟ್ಟು ಕದಡಿ ಬಿಡುತ್ತಾರೆ, ಹುರಿಗಡಲೆ ಪುಡಿ ಹಾಕುತ್ತಾರೆ, ಬೆಂದ ಆಲೂಗಡ್ಡೆ ಕಿವುಚುತ್ತಾರೆ. ಪಿಷ್ಟ ಕಳ್ಳದಾರಿಯಲ್ಲಿ ವಾಪಸು ಬರುವುದು ಹೀಗೆ. ಅಂಗಡಿಯ ಸಾರಿನ ಪುಡಿಗಳ ಬಗ್ಗೆ ನನಗೆ ಒಳ್ಳೆ ಅಭಿಪ್ರಾಯವಿಲ್ಲ. ಬಸ್ಸಾರಿಗೆ ಪುಡಿಯೇ ಬೇಡ, ಹುರಿದು ರುಬ್ಬಲು ಹತ್ತು ನಿಮಿಷ ಸಾಕು.

ರುಬ್ಬಿದ್ದನ್ನು ಕಟ್ಟಿಗೆ ಹಾಕಿ ಕುದಿಸಿ. ಉಳಿದ ಸೊಪ್ಪು-ಕಾಳಿಗೆ ಸಾಸಿವೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ, ಮೇಲೆ ಒಂದಿಷ್ಟು ಕಾಯಿ. ತಿಪಟೂರಿನ ಕಾಯಿ ಸೀಮೆಯವರಿಗೆ ಕಾಯಿ ಕಡಿಮೆ ಹಾಕಿ ಅಂತ ಹೇಳುವ ಧೈರ್ಯ ನನಗಿಲ್ಲ, ಹಸಿ ಕಾಯಿಯಲ್ಲಿ ಪಿಷ್ಟವೂ ಕಡಿಮೆಯೇ. ಕೊಬ್ಬು ಹೆಚ್ಚು ಅನ್ನುವುದು ನೆನಪಿರಲಿ ಅಷ್ಟೇ. ಪಿಷ್ಟ ಕಡಿಮೆ ಮಾಡಿದೆ ಅಂತ ಒಗ್ಗರಣೆಗೆ ಎಣ್ಣೆ ಸುರಿಯುವ ಹೊಸ ಚಾಳಿ ಒಂದಿದೆ, ಅದೂ ಬೇಡ.

ಡಿಸೆಂಬರ್, ಜನವರಿಯಲ್ಲಿ ಸೊಗಡು ಅವರೆ ಬಂದಾಗ ಚಿಂತಾಮಣಿ, ಶಿಡ್ಲಘಟ್ಟದ ಕಡೆ ಹಿತಕಿದ ಬೇಳೆ ಬಿಟ್ಟು ಬೇರೆ ಸಾರೇ ಇರುವುದಿಲ್ಲ. ಉಣ್ಣಿ. ಹಸಿ ಕಾಳಿನಲ್ಲಿ ನೀರಿನ ಅಂಶ ಇರುವುದರಿಂದ ಒಣ ಕಾಳಿಗಿಂತ ತೂಕಕ್ಕೆ ಪಿಷ್ಟ ಕಡಿಮೆ. ಸಾರಿಗೆ ಆಲೂಗಡ್ಡೆ ಬದಲು ಬದನೆಕಾಯಿ ಹಾಕಿ.

ಮುದ್ದೆ ಚಿಕ್ಕದು ಮಾಡುವ ಕಷ್ಟ

ಒಬ್ಬರಿಗೆ ಅಂತ 40 ಗ್ರಾಂ ಹಿಟ್ಟಿಗೆ ಎಸರಿಟ್ಟು ನೋಡಿ, ನಾನು ಹೇಳುವುದು ಅರ್ಥವಾಗುತ್ತದೆ. ದೊಡ್ಡ ತಪ್ಪಲೆಯಲ್ಲಿ ಅಷ್ಟು ನೀರು ಹಿಟ್ಟು ಬೇಯುವ ಮುಂಚೆಯೇ ಆರಿಹೋಗುತ್ತದೆ, ತಳ ಹತ್ತುತ್ತದೆ, ಒಳಗೆಲ್ಲ ಗಂಟು. ಆ ಸಿಟ್ಟಿಗೇ ಎಷ್ಟೋ ಜನ ಮತ್ತೆ ಎರಡು ಹಿಡಿ ಹಿಟ್ಟು ಸುರಿಯುತ್ತಾರೆ. ಮನೆ ಮಂದಿಗೆಲ್ಲ ಒಟ್ಟಿಗೆ ಮಾಡಿ, ಕಟ್ಟುವಾಗ ತೂಗುವುದೇ ಸರಿ. ಸಕ್ಕರೆ ಇದ್ದವರಿಗೆ ಬೇರೆ ಪಾತ್ರೆ, ಬೇರೆ ಅಡುಗೆ ಅಂತ ಶುರುವಾದ ಮನೆಯಲ್ಲಿ ಪಥ್ಯ ಹಬ್ಬದವರೆಗೂ ಬಾಳುವುದಿಲ್ಲ.

ನೂರು ಗ್ರಾಂ ಹಿಟ್ಟಿಗೆ ಸುಮಾರು 350 ಮಿ.ಲೀ. ನೀರಿಟ್ಟು, ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಎಸರಿಗೆ ಬಿಡಿ. ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ಮಧ್ಯಕ್ಕೆ ಗುಡ್ಡೆಯಾಗಿ ಸುರಿಯಿರಿ, ತಿರುವಬೇಡಿ. ಕೋಲಿನಿಂದ ನಡುವೆ ಒಂದು ತೂತು ಮಾಡಿ, ಉರಿ ಸಣ್ಣ ಮಾಡಿ, ಐದು ನಿಮಿಷ ಮುಚ್ಚಿಡಿ. ಆಮೇಲೆ ಪಾತ್ರೆ ಇಳಿಸಿ, ಕಾಲಲ್ಲೋ ಕವೆಗೋಲಲ್ಲೋ ಅದುಮಿ ಹಿಡಿದು ಗಂಟಿಲ್ಲದಂತೆ ತಿರುವಿ, ಮತ್ತೆ ಎರಡು ನಿಮಿಷ ಸಣ್ಣ ಉರಿ. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು, ಆಗ ಬೆಂದಿದೆ. ಅಕ್ಕಿ ನುಚ್ಚು, ಮಿಕ್ಕ ಅನ್ನ ಸೇರಿಸುವ ಅಭ್ಯಾಸ ನಮ್ಮ ಕಡೆ ಬಹಳ ಮನೆಗಳಲ್ಲಿದೆ, ಮುದ್ದೆ ಮೆತ್ತಗೆ ಬರುತ್ತದೆ ಅಂತ. ಅದನ್ನು ನಿಲ್ಲಿಸಿ. ಹಿಟ್ಟು ಜರಡಿ ಹಿಡಿಯುವುದನ್ನೂ ನಿಲ್ಲಿಸಿ, ತೌಡು ಒಳಗೇ ಇರಲಿ. ಮುದ್ದೆ ಸ್ವಲ್ಪ ತರಿಯಾಗುತ್ತದೆ, ಅಜ್ಜಂದಿರು ಗೊಣಗುತ್ತಾರೆ.

ತಕ್ಕಡಿ ಮೇಲೆ ತಟ್ಟೆ ಇಟ್ಟು ಸೊನ್ನೆಗೆ ತಂದು, 160 ಗ್ರಾಂ ಹಾಕಿ, ಕೈ ಒದ್ದೆ ಮಾಡಿ ಉಂಡೆ ಕಟ್ಟಿ. ಕಿತ್ತಳೆ ಹಣ್ಣಿನಷ್ಟು ಬರುತ್ತದೆ. ಹೊಲದ ಕೆಲಸ ಮಾಡುವವರು ಇದನ್ನು ನೋಡಿ ನಗುತ್ತಾರೆ, ಅವರಿಗೆ 200 ಗ್ರಾಂ ಇರಲಿ. ಮೀಟರು ಒಪ್ಪಿದರೆ ಮುಂದುವರಿಸಿ.

ಉಣ್ಣುವಾಗ ಕ್ರಮ ತಪ್ಪಬಾರದು. ಮೊದಲು ಪಲ್ಯ, ಒಂದು ದೊಡ್ಡ ಬಟ್ಟಲು, ಚಮಚದಲ್ಲಿ, ಅಗಿದು. ಅರ್ಧ ಹೊಟ್ಟೆ ಅಲ್ಲೇ ತುಂಬಬೇಕು. ಆಮೇಲೆ ಮುದ್ದೆ, ಸಾರು. ಸೊಪ್ಪು-ಕಾಳು, ಮೊಟ್ಟೆ, ಮಾಂಸ ಮೊದಲು ಹೋಗಿ ಪಿಷ್ಟ ಕೊನೆಗೆ ಹೋದರೆ ಊಟದ ನಂತರದ ಸಕ್ಕರೆ ಏರಿಕೆ ಕಡಿಮೆ ಇರುತ್ತದೆ ಅಂತ ಸಂಶೋಧನೆಗಳೂ ತೋರಿಸಿವೆ. ಬಡಿಸುವವರು ಪದ್ಧತಿಯಂತೆ ಮುದ್ದೆಯನ್ನೇ ಮೊದಲು ಇಡುತ್ತಾರೆ, ಪಲ್ಯ ಮುಗಿಯುವವರೆಗೆ ಬೇಡ ಅನ್ನಿ. ಕೊನೆಗೆ ಅನ್ನದ ಬದಲು ಒಂದು ಲೋಟ ನೀರು ಮಜ್ಜಿಗೆ. ಎದ್ದ ಮೇಲೆ ಮಂಚ ಹತ್ತದೆ ಹತ್ತು-ಹದಿನೈದು ನಿಮಿಷ ಬೀದಿಯಲ್ಲಿ ನಡೆದು ಬನ್ನಿ.

ಬೆಳಗಿನ ತಿಂಡಿ, ಟೀ, ಮಾವಿನ ಹಣ್ಣು

ತುಮಕೂರಿನವರಿಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬಿಡಿ ಅನ್ನುವುದು ಕಷ್ಟ. ತಿಂಗಳಿಗೊಮ್ಮೆ ಒಂದೇ ಒಂದು ತಿನ್ನಿ. ದಿನನಿತ್ಯಕ್ಕೆ ಎರಡು ಮೊಟ್ಟೆ ಜೊತೆ ಪಲ್ಯ, ಹೆಸರುಕಾಳು ರುಬ್ಬಿದ ದೋಸೆ, ಇಲ್ಲವೇ ಹಿಟ್ಟಿಗಿಂತ ಸೊಪ್ಪು-ಈರುಳ್ಳಿ ಹೆಚ್ಚಿರುವ ಒಂದು ರಾಗಿ ರೊಟ್ಟಿ.

ಟೀಗೆ ಎರಡು ಚಮಚ ಸಕ್ಕರೆ ಅಂದರೆ ಹತ್ತು ಗ್ರಾಂ. ದಿನಕ್ಕೆ ನಾಲ್ಕು ಟೀ ಕುಡಿಯುವವರು ಲೆಕ್ಕ ಹಾಕಿಕೊಳ್ಳಿ. ಬೆಲ್ಲ ಹಾಕಿದರೆ ಏನೂ ಆಗಲ್ಲ ಅನ್ನುವ ಮಾತಿಗೆ ಇನ್ನು ಉತ್ತರ ಕೊಡುವ ತಾಳ್ಮೆ ನನಗಿಲ್ಲ, ಬೆಲ್ಲವೂ ಸಕ್ಕರೆಯೇ.

ಶ್ರೀನಿವಾಸಪುರದ ಮಾವು ಬಂದಾಗ ನೂರು ಗ್ರಾಂ ತಿರುಳು, ಅಂದರೆ ಸುಮಾರು 15 ಗ್ರಾಂ ಸಕ್ಕರೆ, ಅವತ್ತಿನ ಮುದ್ದೆಯಲ್ಲಿ ಅರ್ಧ ಕಳೆದು ತಿನ್ನಬಹುದು. ಜ್ಯೂಸ್ ಬೇಡ. ಸಂಜೆ ಹಸಿವಿಗೆ ಬೇಯಿಸಿದ ಕಡಲೆಕಾಯಿ ಒಂದು ಹಿಡಿ.

ಅಂಗಡಿಯಲ್ಲಿ "ಡಯಾಬಿಟಿಕ್" ಅಂತ ಬರೆದ ಹಿಟ್ಟು, ಬಿಸ್ಕತ್ತು ಕೈಗೆತ್ತಿಕೊಂಡರೆ ಹಿಂಬದಿ ತಿರುಗಿಸಿ. ಯಾವ ಪದಾರ್ಥ ಹೆಚ್ಚು ತೂಕ ಇದೆಯೋ ಅದರ ಹೆಸರು ಮೊದಲು ಬರೆಯಬೇಕು ಅನ್ನುವುದು ಕಾನೂನು. ರಾಗಿ ಬಿಸ್ಕತ್ತಿನ ಪಟ್ಟಿ ಮೈದಾದಿಂದ ಶುರುವಾದರೆ ಅದು ಮೈದಾ ಬಿಸ್ಕತ್ತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಘೋಷಿಸಿದ ಮೇಲೆ ನವಣೆ, ಸಾಮೆ ಹೆಸರಲ್ಲಿ ಏನೇನೋ ಪೊಟ್ಟಣ ಬಂದಿವೆ. ಅವುಗಳಲ್ಲೂ ನೂರು ಗ್ರಾಂಗೆ ಅರುವತ್ತು ಗ್ರಾಂ ಮೇಲೆಯೇ ಪಿಷ್ಟ. ನೇರಳೆ ಬೀಜದ ಪುಡಿ, ಮೆಂತ್ಯದ ನೀರು ಕುಡಿಯುತ್ತೇನೆ ಅಂತ ಮಾತ್ರೆ ನಿಲ್ಲಿಸಿದವರು ಕಾಲಿನ ಹುಣ್ಣು ಹೊತ್ತುಕೊಂಡು ಬೆಂಗಳೂರಿಗೆ ಅಲೆಯುವುದನ್ನು ಕಂಡಿದ್ದೇನೆ.

ಮೀಟರು ನೋಡುವುದು

ಸೋಪು ಹಾಕಿ ಕೈ ತೊಳೆದು ಒರೆಸಿ. ಮಾವಿನ ಹಣ್ಣು ಮುಟ್ಟಿದ ಬೆರಳಿನಲ್ಲೇ ಚುಚ್ಚಿಕೊಂಡು 300 ಬಂತು ಅಂತ ಹೌಹಾರಿದವರಿದ್ದಾರೆ. ಬೆರಳ ತುದಿಗೆ ಅಲ್ಲ, ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ಸ್ಟ್ರಿಪ್ ಡಬ್ಬಿಯ ದಿನಾಂಕ ನೋಡಿ, ಮುಚ್ಚಳ ತೆರೆದಿಡಬೇಡಿ. ಮೊದಲ ತುತ್ತು ಬಾಯಿಗಿಟ್ಟ ಸಮಯದಿಂದ ಎರಡು ಗಂಟೆ ಎಣಿಸಬೇಕು. ಕೈ ತೊಳೆದ ಹೊತ್ತಿನಿಂದಲ್ಲ.

ಸ್ಟ್ರಿಪ್ ದುಬಾರಿ, ದಿನಾ ಬೇಕಿಲ್ಲ ಅಂತ ಡಾಕ್ಟರು ಹೇಳಿದ್ದರೆ ಹೀಗೆ ಮಾಡಿ: ಒಂದು ದಿನ ಹಳೇ ಅಳತೆಯ ಊಟ, ಊಟಕ್ಕೆ ಮುಂಚೆ ಒಮ್ಮೆ, ಎರಡು ಗಂಟೆ ಬಿಟ್ಟು ಒಮ್ಮೆ. ಮತ್ತೊಂದು ದಿನ ಅದೇ ಬಸ್ಸಾರು, ಪಲ್ಯ ಮೊದಲು, 160 ಗ್ರಾಂ ಮುದ್ದೆ, ಅದೇ ಎರಡು ಪರೀಕ್ಷೆ. ನಾಲ್ಕು ಅಂಕಿಯನ್ನೂ ನೋಟ್‌ಬುಕ್ಕಿನಲ್ಲಿ ಪಕ್ಕಪಕ್ಕ ಬರೆದು ಮನೆಯವರಿಗೆಲ್ಲ ತೋರಿಸಿ. "ರಾಗಿ ತಾನೆ" ಅನ್ನುವವರ ಬಾಯಿ ಮುಚ್ಚಿಸಲು ನನಗೆ ಗೊತ್ತಿರುವ ಒಂದೇ ಉಪಾಯ ಇದು. ಸಾಮಾನ್ಯವಾಗಿ ಬರಿಹೊಟ್ಟೆಯಲ್ಲಿ 80ರಿಂದ 130, ಊಟದ ನಂತರ 180ರ ಒಳಗೆ ಅನ್ನುವುದು ಗುರಿ. ವಯಸ್ಸಾದವರಿಗೆ ಡಾಕ್ಟರು ಸಡಿಲ ಮಾಡುತ್ತಾರೆ.

ಮನೆಯಲ್ಲಿ ಒಬ್ಬರಿಗೆ ಸಕ್ಕರೆ ಇದ್ದರೆ ಉಳಿದವರೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುವ ಸರ್ಕಾರದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಶುರುವಾದದ್ದೇ ಕೋಲಾರದಿಂದ. ಆಶಾ ಕಾರ್ಯಕರ್ತೆ ಬಂದಾಗ "ನಮಗೇನಿಲ್ಲಮ್ಮ, ಹೋಗಮ್ಮ" ಅಂತ ಕಳಿಸಬೇಡಿ.

ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ ಅದು. ಅದರ ಚೀಟಿ ಜೊತೆ ನೋಟ್‌ಬುಕ್ಕನ್ನೂ ಒಯ್ಯಿರಿ. ಹೆಚ್ಚಿನವರಿಗೆ ಶೇಕಡಾ 7ರ ಒಳಗೆ ಬಂದರೆ ಒಳ್ಳೆಯದು. ಬಂದ ಖುಷಿಗೆ ನೀವೇ ಅರ್ಧ ಮಾತ್ರೆ ಮುರಿಯಲು ಹೋಗಬೇಡಿ. ನೋಟ್‌ಬುಕ್ಕು ತೋರಿಸಿ ಕೇಳಿ, ಕಡಿಮೆ ಮಾಡುವುದಿದ್ದರೆ ಅವರೇ ಮಾಡುತ್ತಾರೆ.